ಬಸ್ಸಿಳಿದಲ್ಲೇ ನೀರಿಗಿಳಿಯಬೇಡಿ: ಬಾಂಡೈ ನೋಡಲು ಬರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಸಿಡ್ನಿಗೆ ಬಂದಿರುವ, ಬರಲಿರುವ ಕನ್ನಡದ ಬಂಧುಗಳೇ,

ಮಗಳ ಮನೆಗೋ ಮಗನ ಮನೆಗೋ ಬಂದ ಅಪ್ಪ ಅಮ್ಮಂದಿರೇ, ಓದಲು ಬಂದು ಮೊದಲ ರಜೆಗೆ ಕಾಯುತ್ತಿರುವ ಹುಡುಗ ಹುಡುಗಿಯರೇ, ಆಫೀಸ್ ಕೆಲಸದ ಮೇಲೆ ಬಂದು ಒಂದು ಶನಿವಾರ ಬಿಡುವು ಸಿಕ್ಕವರೇ, ನಿಮ್ಮೆಲ್ಲರ ಪಟ್ಟಿಯಲ್ಲೂ ಆಪೆರಾ ಹೌಸ್ ಆದ ಮೇಲೆ ಬರುವ ಹೆಸರು ಬಾಂಡೈ ಬೀಚ್. ಬನ್ನಿ, ಖಂಡಿತ ಬನ್ನಿ. ಆದರೆ ಬಸ್ಸಿನಲ್ಲಿ ಕೆಲವು ಸ್ಟಾಪ್ ಜಾಸ್ತಿ ಕೂತುಕೊಳ್ಳಿ. ನಾನು ಕೇಳಿಕೊಳ್ಳುವುದು ಮುಖ್ಯವಾಗಿ ಇಷ್ಟೇ. ಯಾಕೆ ಅಂತ ಹೇಳಲು ಮಾತ್ರ ಸ್ವಲ್ಪ ಉದ್ದವಾಗುತ್ತದೆ.

ಸಿಟಿಯಿಂದ ಬಾಂಡೈ ಸುಮಾರು 7 ಕಿಲೋಮೀಟರ್. ಸರ್ಕ್ಯುಲರ್ ಕೀಯಿಂದ 333 ನಂಬರ್ ಬಸ್ಸು ನೇರವಾಗಿ ಬರುತ್ತದೆ. ರೈಲಿನಲ್ಲಿ ಬರುವವರು ಬಾಂಡೈ ಜಂಕ್ಷನ್‌ನಲ್ಲಿ ಇಳಿದು ಅದೇ ಬಸ್ಸು ಹತ್ತುತ್ತಾರೆ. (ಜಂಕ್ಷನ್‌ನಲ್ಲಿ ಕಡಲಿಲ್ಲ, ಮಾಲ್ ಇದೆ. ಅಲ್ಲಿಳಿದು ಬೀಚ್ ಹುಡುಕುತ್ತಾ ಅಂಗಡಿ ಸುತ್ತುವವರೂ ಇದ್ದಾರೆ.) ಕಾರು ತರಬೇಡಿ. ಬೇಸಿಗೆಯ ವಾರಾಂತ್ಯದಲ್ಲಿ ಜಾಗ ಸಿಗುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ, ಮೀಟರ್ ದುಡ್ಡು ಬೇರೆ.

ಬಾಂಡೈ ರೋಡಿನ ಇಳಿಜಾರು ಮುಗಿದು ಬಸ್ಸು ಬೀಚಿನ ಪಕ್ಕದ ರಸ್ತೆ ಕ್ಯಾಂಪ್‌ಬೆಲ್ ಪರೇಡಿಗೆ ಬಂದ ಕೂಡಲೇ ಕಿಟಕಿ ತುಂಬ ಕಡಲು. ಬಸ್ಸಿನೊಳಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಮೊಬೈಲ್ ಹೊರಗೆ ಬರುತ್ತದೆ, ಯಾರೋ ಬೆಲ್ ಒತ್ತುತ್ತಾರೆ, ಪ್ರವಾಸಿಗಳೆಲ್ಲ ಅಲ್ಲೇ ಇಳಿದುಬಿಡುತ್ತಾರೆ. ಅದು ಬೀಚಿನ ದಕ್ಷಿಣ ತುದಿ. ಇಳಿದವರು ಹುಲ್ಲಿನ ಇಳಿಜಾರು ದಾಟಿ ಎದುರಿಗೆ ಕಾಣುವ ನೀರಿಗೆ ಹೋಗುತ್ತಾರೆ. ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ?

ಬಾಂಡೈಯ ಕುಖ್ಯಾತ ರಿಪ್, ಅಂದರೆ ಕಡಲಿಗೆ ಒಯ್ಯುವ ನೀರಿನ ಸೆಳೆತ, ಇರುವುದು ಆ ಎದುರಿನ ನೀರಿನಲ್ಲೇ. ಅದನ್ನು ಬ್ಯಾಕ್‌ಪ್ಯಾಕರ್ಸ್ ರಿಪ್ ಎಂದೇ ಕರೆಯುತ್ತಾರೆ. ಬಸ್ ಸ್ಟಾಪಿಗೆ ಹತ್ತಿರ ಇರುವುದರಿಂದ ಬೆನ್ನಿಗೆ ಚೀಲ ಹಾಕಿಕೊಂಡು ಬಂದವರೆಲ್ಲ ಸೀದಾ ಹೋಗಿ ಅದರಲ್ಲೇ ಇಳಿಯುತ್ತಾರೆ ಅಂತ. ಸರ್ಫ್ ಲೈಫ್ ಸೇವಿಂಗ್ ಆಸ್ಟ್ರೇಲಿಯಾ ಸಂಸ್ಥೆಯವರು ಹತ್ತಕ್ಕೆ ಇಷ್ಟು ಅಂತ ಅಪಾಯ ಅಳೆದಾಗ ಬಾಂಡೈಯ ಉತ್ತರ ತುದಿಗೆ 4, ದಕ್ಷಿಣ ತುದಿಗೆ 7 ಕೊಟ್ಟರು. ಇಡೀ ಬೀಚಿನ ಉದ್ದ ಒಂದೇ ಕಿಲೋಮೀಟರ್. ನೀವು ಹತ್ತಿದ ಬಸ್ಸು ನಾರ್ತ್ ಬಾಂಡೈವರೆಗೂ ಹೋಗುತ್ತದೆ. ಅದೇ ಟಿಕೆಟ್ಟು, ಅದೇ ಸೀಟು. ಸುಮ್ನೆ ಕೂತಿದ್ದರೆ ಸಾಕು.

ರಿಪ್ ಅಂದರೆ ಏನು ಅಂತ ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ನಮಗೆ ಯಾರೂ ಹೇಳಿರುವುದಿಲ್ಲ. ಅಲೆಗಳು ಮರಳ ದಿಬ್ಬಗಳ ಮೇಲೆ ಒಡೆದು ನೀರನ್ನು ದಡಕ್ಕೆ ತಳ್ಳುತ್ತಲೇ ಇರುತ್ತವೆ. ಬಂದ ನೀರು ವಾಪಸ್ ಹೋಗಬೇಕಲ್ಲ? ಎರಡು ದಿಬ್ಬಗಳ ನಡುವೆ ಆಳವಾದ ಕಾಲುವೆ ಇದ್ದರೆ ಅದರೊಳಗೆ ಸೇರಿ ಕಡಲಿಗೆ ಓಡುತ್ತದೆ. ಆ ಓಟವೇ ರಿಪ್. ಜೋರಾದಾಗ ಸೆಕೆಂಡಿಗೆ ಎರಡು ಮೀಟರ್‌ವರೆಗೂ ಹೋಗಬಹುದು. ಒಲಿಂಪಿಕ್ಸ್ ಈಜುಗಾರರ ವೇಗವೂ ಹೆಚ್ಚುಕಡಿಮೆ ಅಷ್ಟೇ. ಎದುರು ಈಜಿ ಗೆಲ್ಲುವ ಮಾತೇ ಇಲ್ಲ.

ಮೋಸ ಇರುವುದು ಅದು ಕಾಣುವ ರೀತಿಯಲ್ಲಿ. ಕಾಲುವೆ ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎಡಕ್ಕೆ ಬಿಳಿ ನೊರೆ, ಬಲಕ್ಕೆ ಬಿಳಿ ನೊರೆ, ನಡುವೆ ಕಡುಹಸಿರಿನ ಶಾಂತವಾದ ಪಟ್ಟಿ. ಅಜ್ಜಿಯ ಕೈ ಹಿಡಿದುಕೊಂಡವರು, ಮಗುವನ್ನು ಎತ್ತಿಕೊಂಡವರು ಹುಡುಕುವುದು ಅಂಥ ಜಾಗವನ್ನೇ. 'ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ' ಅನ್ನುತ್ತಾರೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬ್ ಬ್ರಾಂಡರ್ ಇದನ್ನೇ ಜನರಿಗೆ ತೋರಿಸಲು ನೀರಿಗೆ ನೇರಳೆ ಬಣ್ಣ ಸುರಿಯುತ್ತಾರೆ. ದಡದ ಹತ್ತಿರ ಸುರಿದ ಬಣ್ಣ ನೋಡನೋಡುತ್ತಿದ್ದಂತೆ ನಾಲಿಗೆ ಚಾಚಿದಂತೆ ಕಡಲಿಗೆ ಹೋಗಿಬಿಡುತ್ತದೆ. ಅವರನ್ನು ಇಲ್ಲಿ ಡಾಕ್ಟರ್ ರಿಪ್ ಅಂತಲೇ ಕರೆಯುತ್ತಾರೆ.

ನೀರಿಗಿಳಿಯದೆ ರಿಪ್ ನೋಡಬೇಕೆಂದರೆ ದಕ್ಷಿಣ ತುದಿಯ ನಾಟ್ಸ್ ಅವೆನ್ಯೂ ರಸ್ತೆಗೆ ಹತ್ತಿ ಕಟಕಟೆಗೆ ಒರಗಿ ನಿಲ್ಲಿ. ಹತ್ತು ನಿಮಿಷ ಸಾಕು. ಸರ್ಫರ್‌ಗಳು ಹಲಗೆ ಹಿಡಿದು ಆ ಶಾಂತ ಪಟ್ಟಿಗೇ ಬಂದು ಇಳಿಯುವುದು ಕಾಣುತ್ತದೆ. ನೊರೆಯ ಜೊತೆ ಗುದ್ದಾಡದೆ ಆರಾಮಾಗಿ ಅಲೆಗಳ ಆಚೆಗೆ ಹೋಗಲು ಅವರಿಗೆ ಅದು ಪುಕ್ಕಟೆ ಲಿಫ್ಟು. ಕೈ ಆಡಿಸುವುದೇ ಕಡಿಮೆ, ದೇಹ ಮುಂದೆ ಹೋಗುತ್ತಿರುತ್ತದೆ. ಅದೇ ನೀರಿನ ಅಂಚಿನಲ್ಲಿ, ಜೀನ್ಸ್ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಒಬ್ಬರ ಕೈ ಒಬ್ಬರು ಹಿಡಿದು ನಿಂತ ನಮ್ಮ ಕಡೆಯ ಹುಡುಗರನ್ನೂ ನೋಡಿದ್ದೇನೆ. ಒಬ್ಬ ದಡದಿಂದ ವಿಡಿಯೋ ಮಾಡುತ್ತಿರುತ್ತಾನೆ. 'ಇನ್ನೂ ಹಿಂದೆ ಹೋಗ್ರೋ, ಫ್ರೇಮ್ ಸಾಲ್ತಿಲ್ಲ' ಅನ್ನುತ್ತಾನೆ. ಅವರು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಅಲೆ ವಾಪಸ್ ಹೋಗುವಾಗ ಪಾದದ ಕೆಳಗಿನ ಮರಳು ಜಾರುತ್ತದೆ. ಮೊಣಕಾಲಿನ ನೀರು ಮುಂದಿನ ಹೆಜ್ಜೆಗೆ ಎದೆಯ ನೀರು. ಒದ್ದೆಯಾದ ಜೀನ್ಸ್ ಕಾಲು ಎತ್ತಲು ಬಿಡುವುದಿಲ್ಲ.

'ನಾವೇನು ಈಜಲ್ಲ, ಕಾಲು ನೆನೆಸಿಕೊಂಡು ಬರ್ತೀವಿ' ಅನ್ನುವ ಮಾತು ನನಗೆ ಭಯ ಹುಟ್ಟಿಸುವುದು ಇದಕ್ಕೇ. 'ನನಗೆ ಈಜು ಬರುತ್ತೆ' ಅನ್ನುವವರ ಕಥೆಯೂ ಅಷ್ಟೇ. ಕೊಳದಲ್ಲಿ, ಕೆರೆಯಲ್ಲಿ ಕಲಿತ ಈಜು ನಿಂತ ನೀರಿನ ಈಜು. ಇಲ್ಲಿ ನೀರು ನಿಲ್ಲುವುದಿಲ್ಲ. ಇನ್ನು 'ಅಷ್ಟು ಜನ ಇದ್ದಾರಲ್ಲ' ಅನ್ನುವುದು. ಜನ ಇರುವುದು ಮರಳಿನ ಮೇಲೆ, ಬಿಸಿಲು ಕಾಯಲು. ನೀರು ನೋಡುತ್ತಾ ಇರುವವರು ಬೇರೆ. ಅವರು ಯಾರು ಅಂತ ಮೊದಲೇ ತಿಳಿದುಕೊಂಡಿರಿ.

ನೀಲಿ ಬಟ್ಟೆಯವರು ಇಲ್ಲಿನ ಸ್ಥಳೀಯ ಆಡಳಿತವಾದ ವೇವರ್ಲಿ ಕೌನ್ಸಿಲ್‌ನ ಲೈಫ್‌ಗಾರ್ಡ್‌ಗಳು. ಸಂಬಳದ ಕೆಲಸ, ವರ್ಷವಿಡೀ ಇರುತ್ತಾರೆ. 2006ರಲ್ಲಿ ಶುರುವಾದ ಬಾಂಡೈ ರೆಸ್ಕ್ಯೂ ಎಂಬ ಟಿವಿ ಕಾರ್ಯಕ್ರಮದಿಂದ ಅವರು ಲೋಕಕ್ಕೆಲ್ಲ ಪರಿಚಯ. ಕೆಂಪು ಹಳದಿ ಬಟ್ಟೆಯವರು ಸ್ವಯಂಸೇವಕರು. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ 25ರ ಆನ್ಜಾಕ್ ದಿನದವರೆಗೆ, ವಾರಾಂತ್ಯ ಮತ್ತು ರಜಾ ದಿನಗಳಲ್ಲಿ ಬರುತ್ತಾರೆ. ದಿನಾ ಬೆಳಿಗ್ಗೆ ಅವತ್ತು ಕಾವಲಿಗಿರುವವರು ನೀರು ನೋಡಿ, ಸುರಕ್ಷಿತ ಅನ್ನಿಸಿದ ಕಡೆ ಎರಡು ಕೆಂಪು ಹಳದಿ ಬಾವುಟ ನೆಡುತ್ತಾರೆ. ಆ ಎರಡು ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಮರಳು ಸರಿದಾಡುವುದರಿಂದ ಬಾವುಟದ ಜಾಗವೂ ಬದಲಾಗುತ್ತದೆ. ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತದೆ ಅಂತೇನಿಲ್ಲ. ಸಂಜೆ ಬಾವುಟ ಕಿತ್ತರೆ ಅಲ್ಲಿಗೆ ಮುಗಿಯಿತು, ಟವೆಲ್ ತಗೊಳ್ಳಿ. ಕಪ್ಪು ಬಿಳಿ ಚೌಕದ ಬಾವುಟ ಕಂಡರೆ ಅದು ಸರ್ಫ್ ಹಲಗೆಗಳ ಜಾಗ. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವಂತಿಲ್ಲ.

ಅಕಸ್ಮಾತ್ ಸಿಕ್ಕಿಕೊಂಡರೆ? ರಿಪ್ ನಿಮ್ಮನ್ನು ಹೊರಗೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ಜನ ಸಾಯುವುದು ದಡದ ಕಡೆಗೆ ಈಜಿ ಈಜಿ ಸುಸ್ತಾಗಿ. ಬೆನ್ನ ಮೇಲೆ ತೇಲಿ. ಉಸಿರಾಡಿ. ಒಂದು ಕೈ ಮೇಲೆತ್ತಿ ಆಡಿಸಿ. ಶಕ್ತಿ ಇದ್ದರೆ ಅಡ್ಡಕ್ಕೆ, ಬಿಳಿ ನೊರೆ ಏಳುತ್ತಿರುವ ಕಡೆಗೆ ಈಜಿ. ನೊರೆ ಇದ್ದಲ್ಲಿ ದಿಬ್ಬ ಇರುತ್ತದೆ, ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ.

ಕೈ ಎತ್ತುವ ವಿಷಯಕ್ಕೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮವರು ಕೈ ಎತ್ತುವುದಿಲ್ಲ. ನಾಲ್ಕು ಜನ ನೋಡ್ತಾರೆ, ಗೆಳೆಯರು ಆಡಿಕೊಳ್ತಾರೆ, ದುಡ್ಡು ಕೇಳಿದರೆ, ವೀಸಾಗೆ ತೊಂದರೆ ಆದರೆ. ಇಷ್ಟೆಲ್ಲ ಲೆಕ್ಕ ಹಾಕುವಷ್ಟರಲ್ಲಿ ಬಾಯಿಗೆ ನೀರು ಬಂದಿರುತ್ತದೆ. ಲೈಫ್‌ಗಾರ್ಡ್ ಎಳೆದು ತಂದದ್ದಕ್ಕೆ ಬಿಲ್ ಬರುವುದಿಲ್ಲ. ವೀಸಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅವರು ಬೈಯುವುದೂ ಕಡಿಮೆ. ಹಲಗೆಯ ಮೇಲೆ ಮಲಗಿಸಿಕೊಂಡು ತಂದು ದಡಕ್ಕೆ ಬಿಟ್ಟು, ಬಾವುಟ ಅಲ್ಲಿದೆ ಅಂತ ತೋರಿಸಿ ಮುಂದಿನವರ ಕಡೆ ಹೋಗುತ್ತಾರೆ.

ಗೆಳೆಯ ಮುಳುಗುತ್ತಿದ್ದಾನೆಂದು ಬರಿಗೈಯಲ್ಲಿ ಹಾರಬೇಡಿ. ತೇಲುವ ಏನಾದರೂ, ಐಸ್ ಬಾಕ್ಸಿನ ಮುಚ್ಚಳವಾದರೂ ಸರಿ, ಎಸೆಯಿರಿ. ಲೈಫ್‌ಗಾರ್ಡ್ ಹತ್ತಿರ ಓಡಿ. ಲೈಫ್‌ಗಾರ್ಡ್ ಇಲ್ಲದ ಕಡೆಯಾದರೆ 000ಗೆ ಫೋನ್ ಮಾಡಿ ಪೊಲೀಸ್ ಕೇಳಿ.

ಇದೆಲ್ಲ ಅತಿಯಾಯಿತು ಅನ್ನಿಸುತ್ತಿದೆಯಾ? 2024ರ ಜನವರಿಯಲ್ಲಿ ವಿಕ್ಟೋರಿಯಾದ ಫಿಲಿಪ್ ಐಲ್ಯಾಂಡಿನ ಫಾರೆಸ್ಟ್ ಕೇವ್ಸ್ ಹತ್ತಿರ ನೀರಿಗಿಳಿದ ನಾಲ್ವರು ಭಾರತೀಯ ಮೂಲದವರು ಒಂದೇ ಅವಘಡದಲ್ಲಿ ತೀರಿಕೊಂಡರು. ಅಲ್ಲಿ ಕಾವಲು ಇರಲಿಲ್ಲ, ಬಾವುಟ ಇರಲಿಲ್ಲ. ಕಾವಲಿರುವ ಬಾಂಡೈಗೆ ಬನ್ನಿ ಅಂತ ನಾನು ಕರೆಯುವುದೂ ಅದೇ ಕಾರಣಕ್ಕೆ. ಯಾವ ಬೀಚಿಗೆ ಹೊರಟರೂ ಬೀಚ್‌ಸೇಫ್ ಆ್ಯಪ್ ನೋಡಿದರೆ ಅವತ್ತು ಅಲ್ಲಿ ಕಾವಲು ಇದೆಯಾ ಇಲ್ಲವಾ ಗೊತ್ತಾಗುತ್ತದೆ.

ಕಾವಲಿನ ಈ ಪದ್ಧತಿ ಬೆಳೆದ ಮುಖ್ಯ ಜಾಗಗಳಲ್ಲಿ ಬಾಂಡೈಯೂ ಒಂದು. ಇಲ್ಲಿನ ಲೈಫ್ ಸೇವಿಂಗ್ ಕ್ಲಬ್ಬು 1907ರದ್ದು. ಜಗತ್ತಿನಲ್ಲೇ ಮೊದಲನೆಯದು ನಮ್ಮದು ಅಂತ ಅವರು ಹೇಳುತ್ತಾರೆ. ಪಕ್ಕದ ಬ್ರಾಂಟಿ ಬೀಚಿನ ಕ್ಲಬ್ಬಿನವರು ಒಪ್ಪುವುದಿಲ್ಲ, ಮೊದಲಿಗರು ನಾವು ಅನ್ನುತ್ತಾರೆ. ಆ ಜಗಳ ನಮಗೆ ಬೇಡ. 1907ರ ಜನವರಿಯಲ್ಲಿ ಬಾಂಡೈ ನೀರಿನಲ್ಲಿ ಮುಳುಗುತ್ತಿದ್ದ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಎಳೆದು ತಂದರು. ಹುಡುಗನ ಹೆಸರು ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್. 1928ರಲ್ಲಿ ಪೆಸಿಫಿಕ್ ಸಾಗರವನ್ನು ಮೊದಲ ಬಾರಿಗೆ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ವಿಮಾನದಲ್ಲಿ ದಾಟಿದ್ದು ಅವನೇ, ತನ್ನ ಸಂಗಡಿಗರ ಜೊತೆ. ನೀವು ಬಂದಿಳಿದ ಸಿಡ್ನಿ ವಿಮಾನ ನಿಲ್ದಾಣಕ್ಕೆ ಇರುವುದು ಅವನ ಹೆಸರು.

ಇನ್ನೊಂದು ದಿನ 1938ರ ಫೆಬ್ರವರಿ 6, ಭಾನುವಾರ. ಮರಳ ದಿಬ್ಬದ ಮೇಲೆ ಸೊಂಟದ ನೀರಿನಲ್ಲಿ ನೂರಾರು ಜನ ನಿಂತಿದ್ದರು. ಒಂದರ ಹಿಂದೆ ಒಂದು ದೊಡ್ಡ ಅಲೆಗಳು ಬಂದವು. ವಾಪಸ್ ಹೋದ ನೀರು ಎಲ್ಲರನ್ನೂ ದಿಬ್ಬದಿಂದ ಆಳಕ್ಕೆ ಎಳೆದುಕೊಂಡು ಹೋಯಿತು. ಸುಮಾರು 250 ಜನರನ್ನು ಕಾಪಾಡಿದರು, ಐವರು ಹೋದರು. ಅವತ್ತು ಕ್ಲಬ್ಬಿನ ಹತ್ತಾರು ಜನ ಬೀಚಿನಲ್ಲೇ ಇದ್ದರು, ಅದಕ್ಕೆ ಐದಕ್ಕೇ ನಿಂತಿತು. ಇಲ್ಲಿನವರು ಅದನ್ನು ಇವತ್ತಿಗೂ ಕಪ್ಪು ಭಾನುವಾರ ಅನ್ನುತ್ತಾರೆ. ಅವರು ನಿಂತಿದ್ದದ್ದೂ 'ಸೊಂಟದ ನೀರಿನಲ್ಲಿ ಮಾತ್ರ' ಅನ್ನುವುದನ್ನು ನೆನಪಿಡಿ.

ಸರಿ, ಭಯ ಸಾಕು. ನಾರ್ತ್ ಬಾಂಡೈಯಲ್ಲಿ ಇಳಿದಿದ್ದೀರಿ ಅಂದುಕೊಳ್ಳೋಣ. ನಿಮಗೆ ಅಲ್ಲಿ ಸಿಗುವುದು ಏನು? ಬಂಡೆಗಳ ಪಕ್ಕ ಕಟ್ಟಿದ ಸಣ್ಣ ಕೊಳಗಳಿವೆ, ಮಕ್ಕಳಿಗೆಂದೇ. ಕಡಲಿನದೇ ನೀರು, ಆದರೆ ಗೋಡೆಯ ಒಳಗೆ. ದುಡ್ಡು ಕೊಡಬೇಕಿಲ್ಲ. ಸೀರೆ ಎತ್ತಿಕಟ್ಟಿ ಕಾಲು ಇಳಿಬಿಟ್ಟು ಕೂರಲು ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆ ಜಾಗ ಬಾಂಡೈಯಲ್ಲಿಲ್ಲ. ಸರ್ಫ್ ಕಲಿಯಲು ಆಸೆ ಇದ್ದವರಿಗೆ ಪಾಠ ನಡೆಯುವುದೂ ಈ ಕಡೆಯೇ. ಮೆತ್ತನೆಯ ಹಲಗೆ, ಸಣ್ಣ ಅಲೆ. ಮೊದಲ ಸಲ ಎರಡು ಸೆಕೆಂಡು ಎದ್ದು ನಿಂತರೆ ದೊಡ್ಡದು.

ಅಲ್ಲಿಂದ ಆಚೆ ಬೆನ್ ಬಕ್ಲರ್ ಎಂಬ ಗುಡ್ಡದ ಮೂಗು. ಅದರ ಕೆಳಗೆ ಒಂದು ಒಂಟಿ ಬಂಡೆ ಕೂತಿದೆ. ತೂಕ 235 ಟನ್. 1912ರ ಜುಲೈ ಬಿರುಗಾಳಿಯಲ್ಲಿ ಕಡಲೇ ಅದನ್ನು ಎತ್ತಿ ಮೇಲೆ ಹಾಕಿತು ಅನ್ನುತ್ತದೆ ಅಲ್ಲಿನ ಫಲಕ. ದೂರದಿಂದ ನೋಡಿ. ಅಷ್ಟು ದೊಡ್ಡ ಬಂಡೆ ಎತ್ತಿದ ನೀರಿಗೆ ಸೆಲ್ಫಿ ತೆಗೆಯುವವರು ಯಾವ ಲೆಕ್ಕ? ಬಂಡೆ ಕಪ್ಪಗೆ ಒದ್ದೆಯಾಗಿದ್ದರೆ ಅಲೆ ಅಲ್ಲಿವರೆಗೂ ಬರುತ್ತದೆ ಅಂತಲೇ ಅರ್ಥ.

ಬೀಚಿನ ನಡುವೆ ಬಾಂಡೈ ಪೆವಿಲಿಯನ್ ಇದೆ. 1920ರ ದಶಕದ ಕಟ್ಟಡ, ಕಮಾನುಗಳ ಉದ್ದ ಸಾಲು. ಕೆಲ ವರ್ಷ ದುರಸ್ತಿ ನಡೆದು 2022ರಲ್ಲಿ ಮತ್ತೆ ತೆರೆಯಿತು. ಬಟ್ಟೆ ಬದಲಾಯಿಸಲು, ಸ್ನಾನಕ್ಕೆ, ಶೌಚಾಲಯಕ್ಕೆ ಇಲ್ಲೇ ಬನ್ನಿ. ರಸ್ತೆ ದಾಟಿದರೆ ಹಾಲ್ ಸ್ಟ್ರೀಟ್. ಊಟ, ಕಾಫಿ ಎಲ್ಲ ಆ ಕಡೆ. ಬಾಂಡೈ ಸುತ್ತಮುತ್ತ ಯಹೂದಿ ಕುಟುಂಬಗಳು ಬಹಳ ಕಾಲದಿಂದ ಇವೆ, ಹಾಗಾಗಿ ಒಳ್ಳೆ ಬೇಕರಿಗಳು ಸಿಗುತ್ತವೆ. ಸಸ್ಯಾಹಾರಿಗಳಿಗೆ ಕಡಲೆಯ ವಡೆಯಂಥ ಫಲಾಫೆಲ್ ಇದ್ದೇ ಇದೆ. ಆಲೂಗಡ್ಡೆ ಚಿಪ್ಸ್ ತಗೊಳ್ಳುವ ಮುಂಚೆ ಮೀನು ಕರಿದ ಎಣ್ಣೆಯಾ ಅಂತ ಕೇಳಿ, ಬೇಜಾರಿಲ್ಲದೆ ಹೇಳುತ್ತಾರೆ. ಪೊಟ್ಟಣವನ್ನು ಹುಲ್ಲಿನ ಮೇಲೆ ಬಿಚ್ಚಿದಿರೋ, ಸೀಗಲ್ ಹಕ್ಕಿಗಳು ಸುತ್ತ ನೆರೆಯುತ್ತವೆ. ಒಂದಕ್ಕೆ ಒಂದು ಚೂರು ಹಾಕಿದರೆ ಮೂವತ್ತು ಬರುತ್ತವೆ, ಆಮೇಲೆ ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಭಾನುವಾರ ಬಂದರೆ ಕ್ಯಾಂಪ್‌ಬೆಲ್ ಪರೇಡಿನ ಶಾಲೆಯ ಅಂಗಳದಲ್ಲಿ ಸಂತೆ.

ದಕ್ಷಿಣ ತುದಿಗೆ ಹೋಗಲೇಬೇಡಿ ಅಂತಲ್ಲ. ನೀರಿಗೆ ಬೇಡ, ನಡೆಯಲು ಹೋಗಿ. ಐಸ್‌ಬರ್ಗ್ಸ್ ಈಜುಕೊಳ ಇರುವುದು ಅಲ್ಲೇ. 1929ರಲ್ಲಿ ಶುರುವಾದ ಕ್ಲಬ್ಬು. ಸದಸ್ಯತ್ವ ಉಳಿಸಿಕೊಳ್ಳಬೇಕೆಂದರೆ ಐದು ವರ್ಷ, ಚಳಿಗಾಲದಲ್ಲಿ ನಾಲ್ಕು ಭಾನುವಾರಕ್ಕೆ ಮೂರರಂತೆ ಬಂದು ಈಜಬೇಕು. ನಾವು ನೀವು ಟಿಕೆಟ್ ತಗೊಂಡು ಹೋಗಬಹುದು. ಗುರುವಾರ ತೊಳೆಯಲು ಮುಚ್ಚಿರುತ್ತಾರೆ. ಆ ಕೊಳದ ಪಕ್ಕದಿಂದ ಕೂಜಿ ಬೀಚಿನವರೆಗೆ ಬಂಡೆಗಳ ಅಂಚಿನಲ್ಲೇ ಸುಮಾರು 6 ಕಿಲೋಮೀಟರ್ ಕಾಲುದಾರಿ. ದಾರಿಯಲ್ಲಿ ಟಮರಾಮ ಬೀಚ್ ಸಿಗುತ್ತದೆ. ಸಣ್ಣದು, ಮುದ್ದಾಗಿದೆ, ಬಾಂಡೈಗಿಂತ ಅಪಾಯ ಜಾಸ್ತಿ. ಆಮೇಲೆ ಬ್ರಾಂಟಿ, ಅದಾದ ಮೇಲೆ ವೇವರ್ಲಿ ಸ್ಮಶಾನ. ಕವಿ, ಕಥೆಗಾರ ಹೆನ್ರಿ ಲಾಸನ್ ಸಮಾಧಿ ಅಲ್ಲಿದೆ. ಬಿಳಿ ಕಲ್ಲಿನ ಸಮಾಧಿಗಳು ಕಡಲಿನವರೆಗೂ ಇಳಿದಿವೆ. ಮಂಡಿ ನೋವಿನವರು ಬ್ರಾಂಟಿಗೇ ನಿಲ್ಲಿಸಿ, ಮೆಟ್ಟಿಲು ಜಾಸ್ತಿ. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಟೋಪಿ, ನೀರು, ಸನ್‌ಸ್ಕ್ರೀನ್ ಇರಲಿ. ನಮ್ಮ ಬಣ್ಣಕ್ಕೆ ಬಿಸಿಲು ಏನೂ ಮಾಡಲ್ಲ ಅನ್ನುವವರು ಇಲ್ಲಿನ ಡಿಸೆಂಬರ್ ಮಧ್ಯಾಹ್ನ ಒಮ್ಮೆ ನಿಂತು ನೋಡಲಿ.

ಬೇಸಿಗೆಯಲ್ಲಿ ಈಶಾನ್ಯ ಗಾಳಿ ಬೀಸಿದ ದಿನ ದಡದಲ್ಲಿ ನೀಲಿ ಗುಳ್ಳೆಗಳು ಬಿದ್ದಿರುತ್ತವೆ. ಜೆಲ್ಲಿ ಮೀನಿನಂಥ ಜೀವಿ, ಹೆಸರು ಬ್ಲೂಬಾಟಲ್. ಮಕ್ಕಳು ಬಲೂನು ಅಂತ ಮುಟ್ಟುತ್ತಾರೆ. ಸತ್ತಿದ್ದರೂ ಕುಟುಕುತ್ತದೆ. ಕುಟುಕಿದರೆ ಉಜ್ಜಬೇಡಿ, ಸಮುದ್ರದ ನೀರಿನಲ್ಲಿ ತೊಳೆದು, ತಡೆಯುವಷ್ಟು ಬಿಸಿ ನೀರು 20 ನಿಮಿಷ ಬಿಡಿ. ವಿನೆಗರ್ ಹಾಕಬೇಡಿ.

ಬಟ್ಟೆಯ ಬಗ್ಗೆ ನಮ್ಮವರಿಗೆ ಮುಜುಗರ ಜಾಸ್ತಿ. ಇದೇ ಬೀಚಿನಲ್ಲಿ ಒಂದು ಕಾಲಕ್ಕೆ ಇನ್ಸ್‌ಪೆಕ್ಟರ್‌ಗಳು ಈಜುಡುಗೆ ಅಳೆಯುತ್ತಿದ್ದರು. 1935ರ ನಿಯಮದ ಪ್ರಕಾರ ಕಾಲಿನ ಭಾಗ ಕನಿಷ್ಠ 3 ಇಂಚು ಇರಬೇಕಿತ್ತು. 1961ರಲ್ಲಿ ಆ ನಿಯಮ ಹೋಯಿತು. ಈಗ ನಿಮ್ಮ ಚೂಡಿದಾರವನ್ನು ಯಾರೂ ನೋಡುವುದಿಲ್ಲ. ನೀವೂ ಬೇರೆಯವರ ಬಿಕಿನಿ ನೋಡಬೇಡಿ. ಮುಖ್ಯವಾಗಿ, ಮಲಗಿದವರ ಕಡೆ ಮೊಬೈಲ್ ಕ್ಯಾಮೆರಾ ತಿರುಗಿಸಬೇಡಿ. ಗುಂಪಾಗಿ ಬರುವ ನಮ್ಮ ಗಂಡಸರಿಗೆ ಇದನ್ನು ನೇರವಾಗಿಯೇ ಹೇಳುತ್ತಿದ್ದೇನೆ. ಯಾರಾದರೂ ದೂರು ಕೊಟ್ಟರೆ ಪೊಲೀಸರು ಬರುತ್ತಾರೆ. ಬರದಿದ್ದರೂ ನಾಚಿಕೆಗೇಡು.

ಇನ್ನು ಇಲ್ಲೇ ನೆಲೆಸಿರುವ ನಮ್ಮವರಿಗೆ. ಊರಿನಿಂದ ಬಂದವರನ್ನು ಬಸ್ಸು ಹತ್ತಿಸಿ ಕಳಿಸುವ ಮುಂಚೆ ಯಾವ ಸ್ಟಾಪು, ಯಾವ ಬಾವುಟ ಅಂತ ಎರಡು ನಿಮಿಷ ಹೇಳಿ. ಹೊಸ ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ, ಪಾರ್ಟ್ ಟೈಮ್ ಕೆಲಸ ಹುಡುಕಿಕೊಡುವ ಸೀನಿಯರ್‌ಗಳು ಇದನ್ನೂ ಸೇರಿಸಿಕೊಳ್ಳಿ. ಕನ್ನಡ ಸಂಘಗಳವರು ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ಮಾಡುತ್ತೀರಿ. ಸೆಪ್ಟೆಂಬರ್ ಕೊನೆಗೆ ಕಾವಲು ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಬೀಚಿನಲ್ಲಿ ಸೇರಿಸಿ, ಲೈಫ್ ಸೇವಿಂಗ್ ಕ್ಲಬ್ಬಿನ ಒಬ್ಬರನ್ನು ಕರೆಸಿ ಮಾತಾಡಿಸಿ. ಪುಳಿಯೋಗರೆ ಪೊಟ್ಟಣ ಹೇಗೂ ಇರುತ್ತದೆ, ಜನ ಬರುತ್ತಾರೆ.

ಮಕ್ಕಳನ್ನು ಕಡಲಿನ ಸುರಕ್ಷತೆ ಕಲಿಸುವ ನಿಪ್ಪರ್ಸ್‌ಗೆ ಸೇರಿಸಿ. ಐದು ವರ್ಷದಿಂದ ತಗೊಳ್ಳುತ್ತಾರೆ, ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಬಾಂಡೈಯಲ್ಲೂ ಇದೆ, ನಾರ್ತ್ ಬಾಂಡೈ ಕ್ಲಬ್ಬಿನಲ್ಲೂ ಇದೆ. ದೊಡ್ಡವರಿಗೆ ಬ್ರಾಂಜ್ ಮೆಡಾಲಿಯನ್ ತರಬೇತಿ ಇದೆ. 15 ವರ್ಷ ತುಂಬಿರಬೇಕು, 400 ಮೀಟರನ್ನು 9 ನಿಮಿಷದೊಳಗೆ ಈಜಬೇಕು. ಪಾಸಾದರೆ ಕೆಂಪು ಹಳದಿ ಬಟ್ಟೆ ಹಾಕಿಕೊಂಡು ಕಾವಲಿಗೆ ನಿಲ್ಲಬಹುದು. ದಡದಲ್ಲಿ ಕನ್ನಡದಲ್ಲೇ ಕೂಗಿ ಕರೆಯುವವರು ನಾಲ್ಕು ಜನ ಬೇಕು ನಮಗೆ. ಈಜು ಬಾರದವರು ಈ ಚಳಿಗಾಲದಲ್ಲೇ ಹತ್ತಿರದ ಕೊಳದಲ್ಲಿ ಕಲಿಯಲು ಶುರು ಮಾಡಿ.

ಇಂತಿ,
ಸಿಡ್ನಿಯ ಒಬ್ಬ ಕನ್ನಡಿಗ